ಗೋಡೆ ದಾಟುತ್ತಿದ್ದ ಬಟ್ಟಲು

ಪಕ್ಕದ ಮನೆ ಆಂಟಿಯ ಬಲಗೈ ಬೆರಳ ತುದಿಗಳು ಯಾವಾಗಲೂ ಕೆಂಪಗಿರುತ್ತಿದ್ದವು. ಕೆಂಪು ಮೆಣಸಿನಕಾಯಿ ಅರೆದು ಮಾಡುವ ಖಾರವನ್ನು ಅವರು ಚಮಚದಲ್ಲಿ ಮುಟ್ಟಿದವರಲ್ಲ. ದಾವಣಗೆರೆ ಕಡೆಯವರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾವು ಮಾರೇನಹಳ್ಳಿಗೆ ಬಾಡಿಗೆಗೆ ಬಂದ ದಿನವೇ ಕಾಂಪೌಂಡ್ ಗೋಡೆಯ ಮೇಲಿಂದ ಒಂದು ಸ್ಟೀಲ್ ಬಟ್ಟಲು ಖಾರ ದಾಟಿ ಬಂತು. ರುಚಿ ನೋಡಿದ ನಮ್ಮ ಯಜಮಾನರು ನೀರಿಗೆ ಓಡಿದರು.

ಬಟ್ಟಲನ್ನು ಖಾಲಿ ಕೊಡಬಾರದಲ್ಲ, ಸಾರು ತುಂಬಿ ಕೊಟ್ಟೆ. ಮೈಸೂರು ಕಡೆಯವಳು ನಾನು, ಸಾರಿಗೆ ಬೆಲ್ಲ ಬೀಳಲೇಬೇಕು. ಮರುದಿನ ಆಂಟಿ ಗೋಡೆಗೆ ಮೊಣಕೈ ಊರಿ, "ಸಾರು ಅಂತ ಪಾಯಸ ಉಣಿಸಿಬಿಟ್ಟೆಲ್ಲ ತಂಗಿ" ಎಂದರು. ಅಂದಿನಿಂದ ಆ ಬಟ್ಟಲು ಆಚೆ ಈಚೆ ಓಡಾಡಿಕೊಂಡೇ ಇತ್ತು. ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವರೂ ಅವರೇ.

ಮಗಳು ಶಾಲೆಗೆ ಸೇರಿದ ವರ್ಷ ಆಂಟಿ ಮೊದಲ ಸಲ ನನ್ನ ಸಾರನ್ನು ಹೊಗಳಿದರು. ಗೆದ್ದೆ ಅಂದುಕೊಂಡೆ. ಮರುವರ್ಷ ಬೆಲ್ಲ ಸಾಲದು ಎಂದರು, ನಕ್ಕೆ. ಆಮೇಲೆ ಖಾರ ಬರುವುದು ನಿಂತು, ಬಟ್ಟಲಲ್ಲಿ ಸಕ್ಕರೆ ಕಲಸಿದ ಮೊಸರನ್ನ ಬರತೊಡಗಿತು. ವಯಸ್ಸಾಯಿತು, ಹೊಟ್ಟೆ ತಡೆಯುವುದಿಲ್ಲ ಎಂದು ನಾನೇ ಅರ್ಥ ಮಾಡಿಕೊಂಡೆ. ಅವರ ಬೆರಳ ಕೆಂಪು ಹೋಗಿದ್ದು ನನ್ನ ಕಣ್ಣಿಗೆ ಬೀಳಲೇ ಇಲ್ಲ.

ಒಂದು ಮಧ್ಯಾಹ್ನ ಬಟ್ಟಲ ತುಂಬ ಬಿಳಿ ಪುಡಿ ಬಂತು. "ಕೂಸಿಗೆ ಸಕ್ರಿ ಐತಿ" ಎಂದರು. ಮಗಳು ಬೆರಳು ಅದ್ದಿ ಬಾಯಿಗಿಡುವಷ್ಟರಲ್ಲಿ ನನಗೆ ವಾಸನೆ ಬಡಿಯಿತು. ಬಟ್ಟೆ ಒಗೆಯುವ ಸೋಪಿನ ಪುಡಿ. ಅವಳ ಕೈ ಎಳೆದು ಹಿಡಿದೆ. ತಲೆಯೆತ್ತಿದರೆ ಆಂಟಿ ಗೋಡೆಯಾಚೆ ನಿಂತು ಅದೇ ಪುಡಿಯನ್ನು ಚಪ್ಪರಿಸುತ್ತಿದ್ದರು. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ. ಅಷ್ಟು ಹೆದರಿದ್ದು ಬೇರೆ ಯಾವತ್ತೂ ನನಗೆ ನೆನಪಿಲ್ಲ.

ಆಸ್ಪತ್ರೆಗೆ ಆಂಟಿ, ಅಂಕಲ್ ಜೊತೆಗೆ ನಾನೂ ಹೋಗಿದ್ದೆ. ಊಟದ ರೀತಿ ಯಾವಾಗಿನಿಂದ ಬದಲಾಯಿತು ಎಂದು ಡಾಕ್ಟರ್ ಕೇಳಿದರೆ ಅಂಕಲ್ ನನ್ನ ಮುಖ ನೋಡಿದರು. ನಾನು ಹೇಳುತ್ತಾ ಹೋದೆ: ಸಾರು, ಬೆಲ್ಲ, ಮೊಸರನ್ನ. ನಾಲ್ಕು ವರ್ಷದ ಕತೆಯೆಲ್ಲ ನನಗೆ ಗೊತ್ತಿತ್ತು. ಮರೆವಿನ ಕಾಯಿಲೆ, ಕೆಲವರಲ್ಲಿ ಮೊದಲು ಬಾಯಿರುಚಿಯೇ ಬದಲಾಗುತ್ತದೆ ಎಂದರು ಡಾಕ್ಟರ್. ಆಗಲೇ ಕರೆತಂದಿದ್ದರೆ ಏನಾಗುತ್ತಿತ್ತು ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ.

ಆಂಟಿ ಹೋಗಿ ವರ್ಷಗಳಾದವು. ಬಟ್ಟಲು ನಮ್ಮಲ್ಲೇ ಉಳಿದಿದೆ. ಅವರು ಕಲಿಸಿದ ಖಾರವನ್ನು ಈಗ ನಾನೇ ಅರೆಯುತ್ತೇನೆ, ಪ್ರತಿ ಸಲವೂ ಒಂದು ಚೂರು ನಾಲಿಗೆಗಿಟ್ಟು ನೋಡಿಕೊಳ್ಳುತ್ತೇನೆ. ಉರಿದು ಕಣ್ಣಲ್ಲಿ ನೀರು ಬಂದರೆ ಜೀವಕ್ಕೆ ಸಮಾಧಾನ.

ಹೋದ ವಾರ ಅಷ್ಟೇನೂ ಉರಿಯಲಿಲ್ಲ. ಈ ಸಲದ ಮೆಣಸಿನಕಾಯಿ ಸಪ್ಪೆ ಎಂದೆ. ಮಗಳು ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಬಾಯಿಗಿಟ್ಟುಕೊಂಡು ನೀರಿಗೆ ಓಡಿದಳು.