ಭಾವನ ಎದುರಿನ ಕುರ್ಚಿ

ಗದಿಗೆವ್ವ ಹುಟ್ಟಿದ್ದು ಬ್ರಿಟಿಷರ ಕಾಲಕ್ಕೆ, ಗುತ್ತಲದ ಹತ್ತಿರದ ಒಂದು ಹಳ್ಳಿಯಲ್ಲಿ. ಊರ ಚಾವಡಿಗೆ ಸಾಹೇಬ ಬಂದರೆ ಅವಳಪ್ಪ ಹೊಳಿಯಪ್ಪ ಅಂಗಳದಲ್ಲಿ ಕೈಕಟ್ಟಿ ನಿಲ್ಲುತ್ತಿದ್ದ. ಅವಳು ಅದೇ ಊರಲ್ಲಿ ಸೊಸೆಯೂ ಆದಳು. ಸಾಹೇಬ ಹೋದ, ಚಾವಡಿಯ ಮೇಲೆ ಬಾವುಟ ಏರಿತು. ಮುಂಬೈ ಸರ್ಕಾರ ಹೋಗಿ ಮೈಸೂರು ಬಂತು, ಅದು ಕರ್ನಾಟಕವಾಯಿತು. ರಾಜ್ಯ ಇಷ್ಟು ಸಲ ಮಗ್ಗಲು ಬದಲಿಸಿದರೂ ಹೆಂಗಸರು ಆ ಚಾವಡಿಯ ಕಟ್ಟೆ ಹತ್ತಲಿಲ್ಲ. ಬೇಡ ಅಂತ ಯಾರೂ ಅಂದಿರಲಿಲ್ಲ. ಹತ್ತು ಅಂತಲೂ ಅಂದಿರಲಿಲ್ಲ.

ಎಂಬತ್ತೇಳರಲ್ಲಿ ಮಂಡಲ ಪಂಚಾಯ್ತಿ ಬಂತು, ಹೆಂಗಸರಿಗೆಂದೇ ಕೆಲವು ಸೀಟು ಇಟ್ಟರು. ಅರವತ್ತರ ಗದಿಗೆವ್ವ ಕೆಳಗೇರಿಯಿಂದ ಆರಿಸಿ ಬಂದಳು. ಅವಳಿಗೆ ಬೇಕಾದದ್ದು ಒಂದೇ, ಕೆಳಗೇರಿಗೊಂದು ಬೋರು, ಅಂದರೆ ಕೊಳವೆಬಾವಿ. ದೂರದ ಬಾವಿಯಿಂದ ಕೊಡ ಹೊತ್ತು ಹೊತ್ತು ಅಲ್ಲಿನ ಹೆಣ್ಣುಮಕ್ಕಳ ನಡ ಬಿದ್ದುಹೋಗಿತ್ತು.

ಮೊದಲ ಸಭೆ ಚಾವಡಿಯಲ್ಲೇ. ತೊಡಕೇನೆಂದರೆ, ಮಂಡಲದ ಪ್ರಧಾನನಾಗಿ ಕೂತ ಕರಬಸಪ್ಪ ಅವಳ ಗಂಡನ ಅಣ್ಣ. ಭಾವನ ಎದುರು ಸರಿಸಮ ಕೂಡ್ರುವುದುಂಟೇ? ಕುರ್ಚಿ ಖಾಲಿ ಇದ್ದರೂ ಗದಿಗೆವ್ವ ಬಾಗಿಲ ಬದಿಗೆ ನೆಲದ ಮೇಲೆ ಕೂತಳು. ಉಳಿದ ಹೆಣ್ಣು ಮೆಂಬರುಗಳು ಬಂದೇ ಇರಲಿಲ್ಲ. ಅವರ ಗಂಡಂದಿರು ಬಂದು, ಗೋಡೆಗೊರಗಿ ಚಹಾ ಕುಡಿಯುತ್ತ ದೇಶಸೇವೆ ಮಾಡುತ್ತಿದ್ದರು.

ಮಂಜೂರಾದದ್ದು ಒಂದೇ ಬೋರು. ಬಸ್‌ಸ್ಟ್ಯಾಂಡಿಗೋ, ಕೆಳಗೇರಿಗೋ? ಕೈ ಎತ್ತಿಸಿದರು. ಸೆಕ್ರೆಟರಿ ಕುರ್ಚಿಗಳ ಸಾಲನ್ನು ಎಣಿಸಿದ. ಏಳಕ್ಕೆ ಏಳು.

“ಸಮ ಆತು. ಸಮ ಆದ್ರ ಅಷ್ಟ ಪ್ರಧಾನರ ಓಟು. ಹೇಳ್ರಿ,” ಅಂದ.

“ಬಸ್‌ಸ್ಟ್ಯಾಂಡಿಗೆ,” ಅಂದ ಕರಬಸಪ್ಪ.

ಬಾಗಿಲ ಬದಿಗೆ ಗದಿಗೆವ್ವನ ಕೈ ಇನ್ನೂ ಮೇಲೇ ಇತ್ತು. ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು. ಅಳದ ಕೂಸಿಗೆ ಹೆತ್ತ ತಾಯಿಯೂ ಹಾಲು ಕೊಡುವುದಿಲ್ಲ, ಕೇರಿಯವರು ಓಟು ಹಾಕಿ ಕಳಿಸಿದ್ದು ಮೂಲೆ ಹಿಡಿಯಲಿಕ್ಕಾ? ಎದ್ದಳು. ಸೆರಗು ಹೊದ್ದುಕೊಂಡು ನೇರ ಹೋಗಿ ಭಾವನ ಎದುರಿನ ಕುರ್ಚಿಯಲ್ಲಿ ಕೂತಳು. 

“ತಪ್ಪು ತಿಳೀಬ್ಯಾಡ್ರಿ ಭಾವಾರ. ನಾನೂ ಮೆಂಬರ ಅದೇನಿ. ಈಗ ಎಣಸ್ರಿ.”

 ಕರಬಸಪ್ಪ ಮೀಸೆಯೊಳಗೇ ನಕ್ಕ. “ಎಣಸಪಾ, ನಮ್ಮ ಮನಿ ಸೊಸಿ ಕೇಳಾಕತ್ತಾಳ.”

“ಕೆಳಗೇರಿಗೆ ಎಂಟು, ಬಸ್‌ಸ್ಟ್ಯಾಂಡಿಗೆ ಏಳು. ಇನ್ನ ಪ್ರಧಾನರ ಓಟು ಬೇಕಾಗಂಗಿಲ್ಲ,” ಅಂದ ಸೆಕ್ರೆಟರಿ.

ಠರಾವು ಬರೆದಾಯಿತು. ಇನ್ನು ಈಕೆ ಎದ್ದು ಬಾಗಿಲ ಬದಿಗೆ ಹೋದಾಳೆಂದು ಎಲ್ಲರೂ ಕಾದರು. ಗದಿಗೆವ್ವ ಕುರ್ಚಿಗೆ ಹಾಯಾಗಿ ಬೆನ್ನು ಕೊಟ್ಟು ಕೂತು, “ಮುಂದಿಂದು ಏನೈತಿ, ಓದ್ರಿ,” ಅಂದಳು.