ಐದನೇ ಜ್ವರ ಕಂಡುಹಿಡಿದ ವೆಂಕಟರಾಮಪ್ಪ

ಮೊದಲೇ ಹೇಳಿಬಿಡುತ್ತೇನೆ, ಜಂಗಮಕೋಟೆಯ ನಮ್ಮ ಬೀದಿಯಲ್ಲಿ ಹಿಟ್ಟಿನ ಮಿಷನ್ ಇಟ್ಟಿರುವ ನಲ್ಲಪ್ಪ ನಾನೇ. ಪಕ್ಕದ ಮನೆ ವೆಂಕಟರಾಮಪ್ಪನ ಮಧ್ಯಾಹ್ನದ ನಿದ್ದೆ ಕೆಡಿಸಿದ ಪಾಪಿಯೂ ನಾನೇ. ಹಾಗಾಗಿ ಅವನ ವಿಷಯದಲ್ಲಿ ನಾನು ನ್ಯಾಯವಾಗಿ ಮಾತಾಡುತ್ತೇನೆಂದು ಯಾರೂ ನಂಬಬೇಕಾಗಿಲ್ಲ.

ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತಮೂರು ವರ್ಷ ಗುಮಾಸ್ತನಾಗಿದ್ದು, ಎರಡು ಸಾವಿರದ ಐದರಲ್ಲಿ ರಿಟೈರಾಗಿ ಬಂದ ಮನುಷ್ಯ ಅವನು. ಟೈಪ್‌ರೈಟರುಗಳ ಕಟಕಟ, ಜನರ ಕೂಗಾಟ, ಇದೆಲ್ಲದರ ನಡುವೆ ಫೈಲಿನ ಮೇಲೆ ತಲೆಯಿಟ್ಟು ಸೊಗಸಾಗಿ ಗೊರಕೆ ಹೊಡೆದವನು, ಮನೆಗೆ ಬಂದ ಮೇಲೆ ಮಾತ್ರ ಸೊಳ್ಳೆ ಹಾರಿದರೂ ಎದ್ದು ಕೂರುವಷ್ಟು ಸೂಕ್ಷ್ಮವಾಗಿಬಿಟ್ಟ. ಮುದ್ದೆ ಉಂಡು ಮಲಗಿದರೆ ನನ್ನ ಮಿಷನ್ ಸದ್ದು, ಡೈರಿಯವರು ಕ್ಯಾನು ಉರುಳಿಸುವ ಸದ್ದು, ಐಸ್‌ಕ್ಯಾಂಡಿಯವನ ಗಂಟೆ. ಪಂಚಾಯ್ತಿಗೆ ಅರ್ಜಿ ಬರೆದ. 'ವಿಷಯ: ನಿದ್ರಾಭಂಗ' ಎಂದು ಬರೆದು ಕೆಳಗೆ ಸ್ಕೇಲು ಹಿಡಿದು ಗೆರೆ ಎಳೆದಿದ್ದ. ಪಂಚಾಯ್ತಿಯವರು ನನ್ನನ್ನು ಕರೆಸಿ, ಅದನ್ನು ಓದಿ ಹೇಳಿ, ನಕ್ಕು, ಕಾಫಿ ಕೊಟ್ಟು ಕಳಿಸಿದರು.

ಅವನ ಹೆಂಡತಿ ಮುನಿಗಂಗಮ್ಮ ಬೇರೆಯೇ ಥರದ ಜೀವ. ಮನೆಯ ಅರ್ಧ ಭಾಗ ಅವಳ ರೇಷ್ಮೆ ಹುಳದ ಮನೆ. ಇಷ್ಟು ವರ್ಷ ಹಳದಿ ಗೂಡು ಬೆಳೆದವಳು, ಆ ವರ್ಷ ಮೊದಲ ಸಲ ಬಿಳಿ ಗೂಡು ಕಟ್ಟುವ ಬೈವೋಲ್ಟೀನ್ ಹುಳ ತಂದಳು. ಆ ಹುಳ ಬಲು ನಾಜೂಕು, ಸೆಕೆ ತಡೆಯುವುದಿಲ್ಲ. "ಹೆಂಗಸ್ರ ಕೈಲಿ ಬೈವೋಲ್ಟೀನ್ ಆಗ್ತದಾ?" ಎಂದು ಡೈರಿ ಹತ್ತಿರ ಗಂಡಸರೆಲ್ಲ ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

"ಶಿಡ್ಲಘಟ್ಟದ ಮಾರ್ಕೆಟ್‌ಗೆ ಬಿಳಿ ಗೂಡು ನಾನೇ ತಗೊಂಡ್ ಹೋಗ್ತೀನಿ. ಬಂದು ಕಣ್ತುಂಬ ನೋಡ್ಕಳಿ" ಎಂದು ಅಷ್ಟೂ ಜನರ ಮುಂದೆ ಹೇಳಿಬಿಟ್ಟಳು. ಅಲ್ಲಿಂದಾಚೆ ಆ ಬೆಳೆ ಅವಳ ಮಾನದ ಪ್ರಶ್ನೆಯಾಯಿತು.

ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆಯೆತ್ತಿ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ನಾವು ಜ್ವರ ಎನ್ನುತ್ತೇವೆ. ಹುಳಕ್ಕೆ ನಾಲ್ಕು ಜ್ವರ, ನಾಲ್ಕೇ. ನಮ್ಮ ಕಡೆ ಅಂಗನವಾಡಿ ಮಗುವನ್ನು ಕೇಳಿದರೂ ಹೇಳುತ್ತದೆ. ನಾಲ್ಕೂ ಜ್ವರ ಎದ್ದು, ಕೊನೆಯ ವಾರದಲ್ಲಿ ಹುಳ ಬಕಾಸುರನ ಹಾಗೆ ತಿನ್ನುತ್ತಿದ್ದಾಗ, ಚಿಂತಾಮಣಿಯಲ್ಲಿದ್ದ ಮುನಿಗಂಗಮ್ಮನ ತಾಯಿಗೆ ಲಕ್ವ ಹೊಡೆಯಿತೆಂದು ಫೋನು ಬಂತು.

"ದಿನಕ್ಕೆ ನಾಲ್ಕು ಸಲ ಸೊಪ್ಪು ಹಾಕ್ರಿ. ಕಿಟಕಿ, ವೆಂಟಿಲೇಟ್ರು ಯಾವ್ದೂ ಮುಟ್ಬೇಡಿ. ಮೂರು ದಿನಕ್ಕೆ ಬಂದ್ಬಿಡ್ತೀನಿ" ಎಂದಳು. ಬಸ್ಸು ಹತ್ತಿದ ಮೇಲೂ ಕಿಟಕಿಯಿಂದ ಕೂಗಿ ಅದನ್ನೇ ಇನ್ನೊಂದು ಸಲ ಹೇಳಿದಳು.

ಬಸ್ಸು ಕ್ರಾಸ್ ದಾಟಿತೋ ಇಲ್ಲವೋ, ನಮ್ಮ ವಿಜ್ಞಾನಿ ಏಣಿ ತಂದ. ತನ್ನ ರೂಮಿನ ಗಾಳಿಕಿಂಡಿಗೆ ಹಳೇ ದಿಂಬು ತುರುಕಿ ಆಗಲೇ ತಿಂಗಳಾಗಿತ್ತು. ಆದರೂ ಸದ್ದು ಹುಳದ ಮನೆಯ ಕಿಂಡಿಗಳಿಂದ ನುಗ್ಗಿ ಒಳಬಾಗಿಲಿನಿಂದ ತನ್ನ ಮಂಚಕ್ಕೇ ಬರುತ್ತದೆ ಎಂಬುದು ಅವನ ಸಂಶೋಧನೆ. ಆರೂ ಕಿಂಡಿಗೆ ಟೀವಿ ಡಬ್ಬದ ಥರ್ಮಕೋಲು, ಅದರ ಮೇಲೆ ಗೋಣಿಚೀಲ, ಸಂದಿಗೊಂದಿಗೆಲ್ಲ ಹತ್ತಿ.

"ಅಣ್ಣಾ, ಹುಳಕ್ಕೆ ಗಾಳಿ ಬೇಡ್ವಾ?" ಎಂದು ನಾನು ಮಿಷನ್ ಬಾಗಿಲಿಂದಲೇ ಕೂಗಿದೆ.

"ನೀನು ಮಿಷನ್ ನಿಲ್ಸು, ನಾನೂ ಬಿಚ್ತೀನಿ."

ನನಗೂ ಮೈ ಉರಿಯಿತು. ಏನಾದರೂ ಮಾಡಿಕೊಂಡು ಸಾಯಲಿ ಎಂದು ಮಿಷನ್ ಓಡಿಸುತ್ತಲೇ ಇದ್ದೆ.

ಮಾರನೆಯ ದಿನ ಮುಖ ಸಿಂಡರಿಸಿಕೊಂಡು ಬಂದ. "ಹೊರಗಿನ ಸದ್ದು ನಿಂತ್ರೆ ಒಳಗಿಂದು ಶುರುವಾಯ್ತಲ್ಲೋ ನಲ್ಲಪ್ಪ. ಹುಳ ಸೊಪ್ಪು ತಿನ್ನೋದು ಸೋನೆ ಮಳೆ ಬಿದ್ದಂಗೆ ಕೇಳ್ತದೆ. ರೆಪ್ಪೆ ಮುಚ್ಚಕ್ಕಾಗ್ಲಿಲ್ಲ." ಮೂವತ್ತು ವರ್ಷದಿಂದ ಹುಳ ಸಾಕುತ್ತಿದ್ದ ಮನೆಯ ಯಜಮಾನ, ಹುಳ ತಿನ್ನುವ ಸದ್ದನ್ನು ಅವತ್ತು ಕೇಳಿಸಿಕೊಂಡಿದ್ದ, ಪುಣ್ಯಾತ್ಮ.

ಮೂರನೆಯ ದಿನ ಸಂಜೆ ಮೈಮುರಿಯುತ್ತ ಬಂದ. ಮುಖದಲ್ಲಿ ಮದುವೆಮನೆಯ ಕಳೆ.

"ನಿದ್ದೆ ಅಂದ್ರೆ ಇವತ್ತಿಂದು ಕಣಪ್ಪ! ಒಂದು ಚೂರು ಸದ್ದಿಲ್ಲ. ಹುಳಾನೂ ಸುಮ್ನಾಗವೆ. ಐದನೇ ಜ್ವರಕ್ಕೆ ಕೂತವೆ."

"ಅಯ್ಯೋ ಅಣ್ಣಾ, ಐದನೇ ಜ್ವರ ಎಲ್ಲೈತೆ?" ಎಂದವನೇ ಮಿಷನ್ ನಿಲ್ಲಿಸಿ ಓಡಿದೆ.

ಹುಳದ ಮನೆ ಬಾಗಿಲು ತೆಗೆದರೆ ಒಲೆಯ ಮುಂದೆ ನಿಂತಂಥ ಧಗೆ, ಮೂಗು ಮುಚ್ಚುವಂಥ ಹುಳಿ ವಾಸನೆ. ಹಾಕಿದ ಸೊಪ್ಪು ಹಾಗೇ ಬಾಡಿ ಬಿದ್ದಿತ್ತು. ಹುಳಗಳು ತಟ್ಟೆಯ ಅಂಚಿಗೆ ಬಂದು ತಲೆ ಕೆಳಗೆ ಬಿಟ್ಟು ನೇತಾಡುತ್ತಿದ್ದವು. ನಾನು ಒಂದು ಕಿಂಡಿಯ ಗೋಣಿ ಎಳೆಯುತ್ತಿರುವಾಗಲೇ ಬೆನ್ನ ಹಿಂದೆ ಮುನಿಗಂಗಮ್ಮ ನಿಂತಿದ್ದಳು, ಕೈಯಲ್ಲಿ ಬಸ್ಸಿನಿಂದ ಇಳಿಸಿದ ಬ್ಯಾಗು.

ಬೈಯುತ್ತಾಳೆ, ಬೀದಿಯೆಲ್ಲ ಸೇರುತ್ತದೆ ಎಂದುಕೊಂಡೆ. ಬೈಯಲಿಲ್ಲ. "ಹೇಳಿ ಹೋಗಿದ್ನಲ್ರೀ" ಎಂದಳು, ಅಷ್ಟೇ.

"ಮಲಗವೆ ಅಂದ್ಕಂಡೆ ಕಣೇ" ಎಂದ ವೆಂಕಟರಾಮಪ್ಪ.

ಅವಳು ನೆಲದ ಮೇಲೆ ಕೂತು, ಒಂದೊಂದೇ ತಟ್ಟೆ ಇಳಿಸಿ, ಕೆಟ್ಟ ಹುಳ ಆರಿಸಿ ಬ್ಲೀಚಿಂಗ್ ನೀರಿನ ಬಕೆಟ್ಟಿಗೆ ಹಾಕತೊಡಗಿದಳು. ಮೂರು ಬಕೆಟ್ಟು ತುಂಬಿದವು. ಬಾಗಿಲಿಂದಲೇ ಒಂದು ಮಾತು ಕೂಗಿ ಸುಮ್ಮನಾದವನು ನಾನು. ಹತ್ತು ಹೆಜ್ಜೆ ನಡೆದು ಒಂದು ಗೋಣಿ ಕಿತ್ತಿದ್ದರೆ ಆಗುತ್ತಿತ್ತು. ಉಳಿದ ಕಿಂಡಿಗಳ ಗೋಣಿಯನ್ನೆಲ್ಲ ಆಗ ಕಿತ್ತೆ.

ಉಳಿದ ಹುಳ ಗೂಡು ಕಟ್ಟಿದವು. ಒಂದು ಸಣ್ಣ ಚೀಲ, ಮಗುವಿನ ದಿಂಬಿನಷ್ಟು. ಆಡಿದ ಮಾತಿನಂತೆ ಅದನ್ನೇ ತೆಗೆದುಕೊಂಡು ಶಿಡ್ಲಘಟ್ಟಕ್ಕೆ ಹೊರಟಳು. ಚೀಲ ಹೊತ್ತವನು ವೆಂಕಟರಾಮಪ್ಪ. ಡೈರಿ ಮುಂದೆ ಹಾದುಹೋಗುವಾಗ ಯಾರೂ ನಗಲಿಲ್ಲ.

ಮುಂದಿನ ವಾರ ಗಾರೆ ಕೆಲಸದ ಮುನಿಶಾಮಿಯನ್ನು ಕರೆಸಿ ಅವಳು ಹುಳದ ಮನೆಗೆ ಇನ್ನೆರಡು ಕಿಂಡಿ ಒಡೆಸಿದಳು, ಗಂಡನ ಮಂಚದ ನೇರಕ್ಕೂ ಒಂದು. ಈಗ ನನ್ನ ಮಿಷನ್ ಸದ್ದೆಲ್ಲ ಅವನ ಕಿವಿಗೇ ಬೀಳುತ್ತದೆ, ಆದರೂ ಕಚೇರಿಯಲ್ಲಿದ್ದ ಹಾಗೆ ಗೊರಕೆ ಹೊಡೆಯುತ್ತಾನೆ. "ಐದನೇ ಜ್ವರ ಬಿಡ್ತೇನಣ್ಣಾ?" ಎಂದು ಡೈರಿಯವರು ಇವತ್ತಿಗೂ ಕೇಳುತ್ತಾರೆ.

ನಾನು ಕೇಳುವುದಿಲ್ಲ. ಮಧ್ಯಾಹ್ನ ಕರೆಂಟು ಹೋಗಿ ಮಿಷನ್ ನಿಂತರೆ ಅವನು ಧಡಕ್ಕನೆ ಎದ್ದು, ಬರಿಗಾಲಲ್ಲಿ ಹುಳದ ಮನೆಗೆ ಹೋಗಿ, ಹುಳ ತಿನ್ನುತ್ತಿವೆಯೇ ಎಂದು ತಟ್ಟೆಗೆ ಕಿವಿಯಿಟ್ಟು ಕೇಳುವುದನ್ನು ನಾನು ಆ ಹೊಸ ಕಿಂಡಿಯಿಂದಲೇ ನೋಡಿದ್ದೇನೆ. ಆಮೇಲೆ ನನ್ನ ಬಾಗಿಲಿಗೆ ಬರುತ್ತಾನೆ.

"ಯಾಕಪ್ಪ ನಲ್ಲಪ್ಪ, ನಿಲ್ಸ್ಬಿಟ್ಟೆ?"

"ಕರೆಂಟಿಲ್ಲ ಅಣ್ಣ."

ಕರೆಂಟು ಬರುವವರೆಗೂ ಅಲ್ಲೇ ಕೂತಿರುತ್ತಾನೆ.