ಹಸಿರು ಶಾಯಿಯ ಹತ್ತೊಂಬತ್ತು ದಿನ

ನಮ್ಮ ಪ್ರಿನ್ಸಿಪಾಲರ ಮೂಗಿನ ತುದಿಯಲ್ಲಿ ಸದಾ ಒಂದು ಹಸಿರು ಚುಕ್ಕೆ ಇರುತ್ತಿತ್ತು. ಅವರ ಪೆನ್ನು ಸೋರುತ್ತಿತ್ತು. ಸೋರಿದ ಹಸಿರು ಶಾಯಿ ಬೆರಳಿಗೆ ಅಂಟುತ್ತಿತ್ತು. ಅದೇ ಬೆರಳಲ್ಲಿ ಗಂಟೆಗೊಮ್ಮೆ ನಶ್ಯ ಏರಿಸುತ್ತಿದ್ದರು. ಕರೀ ಕೋಟು, ಬಿಳೀ ಪಂಚೆ, ನೀಟಾಗಿ ಸುತ್ತಿದ ಪೇಟ, ಅದರ ಕೆಳಗೆ ಈ ಚುಕ್ಕೆ. ಸಾರ್, ಮೂಗು ಒರೆಸಿಕೊಳ್ಳಿ ಎಂದು ಹೇಳುವ ಧೈರ್ಯ ಇಡೀ ಕಾಲೇಜಿನಲ್ಲಿ ಒಬ್ಬರಿಗೂ ಇರಲಿಲ್ಲ.

ದೊಡ್ಡಬಳ್ಳಾಪುರದ ಆ ಕಾಲೇಜಿಗೆ ನಾನು ಸೇರಿದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ. ಅಲ್ಲಿ ನನಗೆ ಮೊದಲು ಗೊತ್ತಾದ ಸಂಗತಿಯೆಂದರೆ, ಪ್ರಿನ್ಸಿಪಾಲರ ಮೇಜಿಗೆ ಯಾವ ಕಾಗದ ಹೋದರೂ ಅದರ ಮೂಲೆಯಲ್ಲಿ 'ನೋಡಿದೆ' ಎಂದು ಬರೆದು, ತಾರೀಖು ಹಾಕಿ, ಹಸಿರು ಸಹಿ ಎಳೆಯುತ್ತಾರೆ ಎಂಬುದು. ಕೊಳಾಯಿ ಒಡೆದಿದೆ ಎಂದು ಬರೆದುಕೊಟ್ಟರೆ ನೋಡಿದೆ. ಲೈಬ್ರರಿಯ ಸೂರು ಸೋರುತ್ತದೆ ಎಂದರೆ ನೋಡಿದೆ. ಕೊಳಾಯಿ ಒಡೆದೇ ಇರುತ್ತಿತ್ತು, ಸೂರು ಸೋರುತ್ತಲೇ ಇರುತ್ತಿತ್ತು. ನೆನಪಿಸಲು ಹೋದರೆ, "ನೋಡೋಣಪ್ಪಾ, ಎಲ್ಲದಕ್ಕೂ ಒಂದು ಕಾಲ ಬರುತ್ತೆ" ಎಂದು ನಶ್ಯದ ಡಬ್ಬಿ ತೆಗೆಯುತ್ತಿದ್ದರು.

ಕೆಟ್ಟವರೆಂದು ಯಾರೂ ಅನ್ನುತ್ತಿರಲಿಲ್ಲ. ಯಾವ ಹುಡುಗ ಯಾವ ಹಳ್ಳಿಯಿಂದ ಎಷ್ಟು ದೂರ ನಡೆದು ಬರುತ್ತಾನೆಂಬುದು ಅವರಿಗೆ ಬಾಯಿಪಾಠವಾಗಿತ್ತು. ಶಿವರಾತ್ರಿ ಕಳೆದದ್ದೇ ತಡ, ಅವರ ಮನೆಯಿಂದ ಒಂದು ಗುಡಾಣ ಮಜ್ಜಿಗೆ ಬಂದು ಕಾಲೇಜಿನ ಜಗುಲಿಯಲ್ಲಿ ಕೂರುತ್ತಿತ್ತು. ಬಿಸಿಲಲ್ಲಿ ನಡೆದು ಬಂದವರು ಮೊಗೆದು ಕುಡಿಯಬೇಕು, ಆಮೇಲೆ ಕ್ಲಾಸಿಗೆ ಹೋಗಬೇಕು. ನಾನು ಕುಡಿಯುತ್ತಿದ್ದೆ, ಕುಡಿಯುತ್ತಲೇ ಇವರು ಯಾಕೆ ಇಷ್ಟು ಒಳ್ಳೆಯವರಾಗುತ್ತಿದ್ದಾರೆ ಎಂದು ಯೋಚಿಸುತ್ತಿದ್ದೆ. ನನ್ನ ಸ್ವಭಾವವೇ ಅಂಥದ್ದು. "ಇವನು ಮೊಸರಲ್ಲಿ ಕಲ್ಲು ಹುಡುಕೋನು" ಎಂದು ನಮ್ಮಮ್ಮ ಬಂದವರಿಗೆಲ್ಲ ಹೇಳುತ್ತಿದ್ದಳು.

ನಾನು ಕಬಡ್ಡಿ ತಂಡದಲ್ಲಿದ್ದೆ. ಎದುರಾಳಿಯ ಕಾಲು ಹಿಡಿಯುವುದು ನನ್ನ ಕೆಲಸ. ಎದುರಾಳಿ ಅಂಕಣಕ್ಕೆ ನುಗ್ಗಿ ಉಸಿರು ಬಿಡದೆ ಕಬಡ್ಡಿ ಕಬಡ್ಡಿ ಅನ್ನುತ್ತ ಮುಟ್ಟಿ ಬರುವವನು ನನ್ನ ಗೆಳೆಯ, ಊರಿನ ನೇಕಾರರ ಮನೆಯ ಮಗ. ವಿಶ್ವವಿದ್ಯಾನಿಲಯದ ಅಂತರ ಕಾಲೇಜು ಪಂದ್ಯದಲ್ಲಿ ನಾವು ಎರಡು ವರ್ಷ ಸತತವಾಗಿ ಗೆದ್ದಿದ್ದೆವು. ಮೂರನೇ ವರ್ಷವೂ ಗೆದ್ದರೆ ಆ ಬೆಳ್ಳಿಯ ಶೀಲ್ಡು ಶಾಶ್ವತವಾಗಿ ನಮ್ಮದೇ ಆಗುತ್ತಿತ್ತು. ಅದು ಪ್ರಿನ್ಸಿಪಾಲರ ಮೇಜಿನ ಮೇಲೆ ಇರುತ್ತಿತ್ತು. ಬೆಳಿಗ್ಗೆ ಬಂದ ತಕ್ಷಣ ಹೆಗಲ ಮೇಲಿನ ವಲ್ಲಿಯಿಂದ ಅದನ್ನು ಒರೆಸಿಯೇ ಅವರು ಕುರ್ಚಿಯಲ್ಲಿ ಕೂರುವುದು.

ಗೆಲ್ಲಿಸಿದವನು ಕೋಚು. ಅವನಿಗೆ ಏಕವಚನ ಬಳಸುತ್ತಿದ್ದೇನೆ, ಕ್ಷಮೆ ಕೇಳುವುದಿಲ್ಲ. ಉಸಿರು ಹಿಡಿಯುವ ಅಭ್ಯಾಸ ಎಂದು ಅವನದೊಂದು ಪದ್ಧತಿಯಿತ್ತು. ನಡುಮಧ್ಯಾಹ್ನ ಅರ್ಧ ಲೋಟ ನೀರನ್ನು ಬಾಯಿಗೆ ತುಂಬಿಕೊಂಡು ಮೈದಾನವನ್ನು ಮೂರು ಸುತ್ತು ಓಡಬೇಕು. ಬಂದು ಆ ನೀರನ್ನು ಅದೇ ಲೋಟಕ್ಕೆ ಉಗುಳಬೇಕು. ಲೋಟಕ್ಕೆ ಸುಣ್ಣದಲ್ಲಿ ಗೆರೆ ಎಳೆದಿರುತ್ತಿದ್ದ. ನೀರು ಗೆರೆಗಿಂತ ಕಡಿಮೆಯಾದರೆ ಒಂದು ತೊಟ್ಟು ನುಂಗಿದ್ದೀಯೆಂದು ಅರ್ಥ. ನುಂಗಿದವನಿಗೆ ಹುಣಸೆ ಬರಲಿನ ಏಟು, ಮತ್ತೆ ಮೂರು ಸುತ್ತು. ಗಂಟಲು ಒಣಗಿ ಬಿರಿಯುತ್ತಿರುವಾಗ ಬಾಯಿ ತುಂಬ ನೀರಿಟ್ಟುಕೊಂಡು ನುಂಗದೆ ಓಡುವುದೆಂದರೆ ಏನೆಂದು ಓಡಿದವರಿಗೇ ಗೊತ್ತು. ಆ ಮೈದಾನ ಪ್ರಿನ್ಸಿಪಾಲರ ಕೋಣೆಯ ಕಿಟಕಿಗೆ ನೇರವಾಗಿತ್ತು. ಕಿಟಕಿ ತೆರೆದೇ ಇರುತ್ತಿತ್ತು. ಜಗುಲಿಯಲ್ಲಿ ಮಜ್ಜಿಗೆಯ ಗುಡಾಣವೂ ನಮ್ಮ ಕಣ್ಣಿಗೆ ಕಾಣುತ್ತಿತ್ತು.

ಮೂರನೇ ಪಂದ್ಯಕ್ಕೆ ಇನ್ನೇನು ಒಂದು ತಿಂಗಳಿದೆ ಎನ್ನುವಾಗ ನಮ್ಮಲ್ಲೊಬ್ಬ ಓಡುತ್ತಲೇ ಬಿದ್ದು ವಾಂತಿ ಮಾಡಿಕೊಂಡ. ಅವನಿಗೂ ಏಟು ಬಿತ್ತು. ಅವತ್ತು ಸಂಜೆ ಗೆಳೆಯನ ಮನೆಯ ಮಗ್ಗದ ಪಕ್ಕ ಕೂತು ಮನವಿ ಬರೆದೆವು. ನನ್ನ ಅಕ್ಷರ ದುಂಡಗಿತ್ತು, ಹಾಗಾಗಿ ಬರೆದವನು ನಾನು. ಎಂಟು ಜನ ಸಹಿ ಹಾಕಿದರು.

ಇಲ್ಲೇ ನಾವೊಂದು ತಪ್ಪು ಮಾಡಿದೆವು. ಆಫೀಸಿನಲ್ಲಿ ಕೊಟ್ಟು, ರಿಜಿಸ್ಟರಿಗೆ ಹತ್ತಿಸಿ, ನಂಬರು ಪಡೆಯಬೇಕಿತ್ತು. ದೊಡ್ಡವರಿಗೆ ಬರೆದ ಕಾಗದವನ್ನು ಗುಮಾಸ್ತರ ಕೈಗೆ ಕೊಡುವುದು ಮರ್ಯಾದೆಯಲ್ಲ ಎಂದು ಗೆಳೆಯನ ತಂದೆ ಅಂದರು. ನಾವು ತಲೆಯಾಡಿಸಿ ನೇರವಾಗಿ ಪ್ರಿನ್ಸಿಪಾಲರ ಕೈಗೇ, ಎರಡೂ ಕೈಯಲ್ಲಿ ಹಿಡಿದು ಕೊಟ್ಟೆವು.

ಅವರು ಎರಡು ಸಲ ಓದಿದರು. ನೋಡಿದೆ, ತಾರೀಖು, ಹಸಿರು ಸಹಿ. ಕಾಗದವನ್ನು ಡ್ರಾಯರಿಗೆ ಹಾಕಿ ಬೀಗ ತಿರುಗಿಸಿದರು. "ಪಂದ್ಯ ಒಂದು ಮುಗೀಲಿ ಕಣ್ರಪ್ಪಾ. ಹೋಗಿ, ಮಜ್ಜಿಗೆ ಕುಡ್ಕೊಂಡು ಹೋಗಿ" ಎಂದರು. ಜಗುಲಿಗೆ ಬಂದ ಮೇಲೆ ನಾನು ಗೆಳೆಯನಿಗೆ ಹೇಳಿದೆ. "ಲೇ, ಆ ಕಾಗದ ಇನ್ನು ಹೊರಗೆ ಬರಲ್ಲ ಕಣೋ."

"ಸುಮ್ನಿರೋ, ನಿಂಗೆ ಎಲ್ಲಾದ್ರಲ್ಲೂ ಅನುಮಾನ" ಎಂದು ಅವನು ಎರಡು ಲೋಟ ಮಜ್ಜಿಗೆ ಕುಡಿದ.

ಎರಡು ದಿನ ಕಳೆದಿರಲಿಲ್ಲ, ಕೋಚು ನಮ್ಮನ್ನು ಸಾಲಾಗಿ ನಿಲ್ಲಿಸಿ ನಕ್ಕ. "ಏನ್ರೋ, ಪ್ರಿನ್ಸಿಪಾಲ್ರ ಹತ್ರ ಹೋಗಿದ್ರಂತೆ? ನೀರು ಸಾಲದಂತೆ?" ಎಂಟು ಜನರ ಹೆಸರನ್ನೂ ಒಂದೊಂದಾಗಿ ಹೇಳಿದ. ಬೇಲಿಯೇ ಎದ್ದು ಹೊಲ ಮೇಯ್ದ ಕತೆ ಎಂದು ನನಗೆ ಅವತ್ತೇ ಖಾತ್ರಿಯಾಯಿತು. ಸುಣ್ಣದ ಗೆರೆ ಇನ್ನೂ ಮೇಲಕ್ಕೆ ಹೋಯಿತು. ಕಿಟಕಿ ತೆರೆದೇ ಇತ್ತು.

ಆಮೇಲೊಂದು ದಿನ ಗೆಳೆಯ ಮೂರನೇ ಸುತ್ತಿನಲ್ಲಿ ನೀರು ನುಂಗಿಬಿಟ್ಟ. ಲೋಟಕ್ಕೆ ಉಗುಳಿದ್ದು ತಳ ಮುಚ್ಚುವಷ್ಟೂ ಇರಲಿಲ್ಲ. ಕೋಚು ಹುಣಸೆ ಬರಲು ಹುಡುಕಲಿಲ್ಲ, ಅಂಗೈ ಅಗಲಿಸಿ ಎಡಗಿವಿಗೇ ಬಾರಿಸಿದ. ಕಿವಿಯಿಂದ ರಕ್ತ ಸಣ್ಣಗೆ ಇಳಿಯಿತು. ಗೆಳೆಯ ಎರಡೂ ಕೈಯಿಂದ ಅವನ ಎದೆಗೆ ತಳ್ಳಿದ, ಕೋಚು ಅಂಗಾತ ಬಿದ್ದ. ಮಾರನೆಯ ದಿನ ನೋಟೀಸು ಹಲಗೆಯಲ್ಲಿ ಗೆಳೆಯನ ಹೆಸರಿತ್ತು. ಗುರುಗಳ ಮೇಲೆ ಕೈ ಮಾಡಿದ್ದಕ್ಕೆ ಕಾಲೇಜಿನಿಂದ ಹೊರಗೆ, ಪರೀಕ್ಷೆಗೂ ಕೂರುವಂತಿಲ್ಲ. ಕೆಳಗೆ ಹಸಿರು ಸಹಿ. ಅದು ಅವನ ಕೊನೆಯ ವರ್ಷ. ಅವರ ವಂಶದಲ್ಲಿ ಮಗ್ಗ ಬಿಟ್ಟು ಪುಸ್ತಕ ಹಿಡಿದವನು ಅವನೊಬ್ಬನೇ.

ಪಂದ್ಯಕ್ಕೆ ನಾವು ಯಾರೂ ಹೋಗಲಿಲ್ಲ, ಶೀಲ್ಡು ಬೇರೆಯವರ ಪಾಲಾಯಿತು. ಬೆಂಗಳೂರಿನ ಆಸ್ಪತ್ರೆಯಲ್ಲಿ ಆ ಕಿವಿಗೆ ಇನ್ನು ಕೇಳಿಸುವುದಿಲ್ಲ ಎಂದರು. ಗೆಳೆಯನ ತಂದೆ ವಿಶ್ವವಿದ್ಯಾನಿಲಯಕ್ಕೆ ದೂರು ಬರೆಸಿದರು. ಇಬ್ಬರು ಪ್ರೊಫೆಸರುಗಳ ವಿಚಾರಣಾ ಸಮಿತಿ ಬರುತ್ತದೆಂದು ಗೊತ್ತಾಯಿತು. ಕೋಚು ಊರೆಲ್ಲ ಹೇಳಿಕೊಂಡು ತಿರುಗಿದ. "ಹಿಂದೆ ಯಾವತ್ತಾದ್ರೂ ಒಬ್ಬ ಹುಡುಗ ನನ್ಮೇಲೆ ದೂರು ಕೊಟ್ಟಿದ್ನಾ? ಅವನೇ ಪುಂಡ." ನಾವು ಮೊದಲೇ ದೂರು ಕೊಟ್ಟಿದ್ದೆವೆಂದು ತೋರಿಸಲು ಆ ಮನವಿಯೊಂದೇ ಇದ್ದದ್ದು, ಅದು ಪ್ರಿನ್ಸಿಪಾಲರ ಡ್ರಾಯರಿನಲ್ಲಿತ್ತು. ಅದು ಹೊರಬಂದರೆ ಅವರ ಕತ್ತಿಗೇ ಬರುತ್ತಿತ್ತು. ಹೊರಗೆ ತರುತ್ತಾರೆಯೇ?

ಹೆಡ್ ಗುಮಾಸ್ತರನ್ನು ಕೇಳಲು ಹೋದೆ. ಅವರು ರಿಜಿಸ್ಟರನ್ನು ನನ್ನ ಮುಂದೆ ತಿರುಗಿಸಿದರು. "ಎಲ್ಲಪ್ಪಾ ಇದೆ? ನಂಬರು ತೋರ್ಸು. ಬಾರದ ಕಾಗದ ನಾನೆಲ್ಲಿಂದ ತರ್ಲಿ?" ಹೇಳುವಾಗ ಕಣ್ಣು ತಪ್ಪಿಸಿದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂದುಕೊಂಡೆ. ಸಿಟ್ಟಿನಲ್ಲಿ ಒಂದು ಸುಳ್ಳು ಹೇಳಿಬಿಟ್ಟೆ. "ಪರವಾಗಿಲ್ಲ ಬಿಡಿ ಸಾರ್. ನಮ್ಮ ಹತ್ರ ಇನ್ನೊಂದು ಪ್ರತಿ ಇದೆ. ಸಾಹೇಬ್ರ ಸಹಿ ಇರೋದೇ." ಇನ್ನೊಂದು ಪ್ರತಿ ಇರಲಿಲ್ಲ. ಸಂಜೆಯೊಳಗೆ ಈ ಮಾತು ಪ್ರಿನ್ಸಿಪಾಲರಿಗೆ ಮುಟ್ಟುತ್ತದೆಂದು ಗೊತ್ತಿದ್ದೇ ಹೇಳಿದೆ.

ವಿಚಾರಣೆ ಅವರ ಕೋಣೆಯಲ್ಲೇ ನಡೆಯಿತು. ಮೇಜಿನ ಮೇಲೆ ಶೀಲ್ಡು ಇದ್ದ ಜಾಗದಲ್ಲಿ ಧೂಳು ಕೂರದ ಒಂದು ಗುಂಡನೆಯ ಗುರುತು ಉಳಿದಿತ್ತು. ಗೆಳೆಯನ ಪಕ್ಕದಲ್ಲಿ ನಿಂತು ನಾನು ನಡೆದದ್ದನ್ನು ಹೇಳಿ ಮುಗಿಸಿದೆ. ಪ್ರೊಫೆಸರರೊಬ್ಬರು ಕೋಚಿನ ಕಡೆ ತಿರುಗಿದರು.

"ಇಂಥ ಮನವಿ ಬಂದಿತ್ತೇನ್ರೀ?"

"ಇಲ್ಲ ಸಾರ್. ಈಗ ಕಟ್ಟಿದ ಕತೆ. ಬೇಕಾದ್ರೆ ರಿಜಿಸ್ಟರ್ ತರಿಸಿ ನೋಡಿ."

ಪ್ರಿನ್ಸಿಪಾಲರು ನಶ್ಯದ ಡಬ್ಬಿ ತೆಗೆಯುತ್ತಾರೆಂದು ನಾನು ಕಾದೆ. ಅವರು ಕೋಟಿನ ಗುಂಡಿ ಬಿಚ್ಚಿ ಒಳಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಮೇಜಿನ ಮೇಲೆ ಬಿಡಿಸಿಟ್ಟರು. ನನ್ನ ದುಂಡಕ್ಷರ ದೂರದಿಂದಲೇ ಕಂಡಿತು.

"ಬಂದಿತ್ತು ಸ್ವಾಮಿ. ಇದು ನನ್ನ ಕೈಬರಹ, ಇದು ತಾರೀಖು. ಹುಡುಗನ ಕಿವಿಗೆ ಪೆಟ್ಟು ಬಿದ್ದದ್ದು ಇದಾಗಿ ಹತ್ತೊಂಬತ್ತು ದಿನಕ್ಕೆ. ಮೈದಾನ ಈ ಕಿಟಕಿಗೇ ಕಾಣುತ್ತೆ. ಆ ಹತ್ತೊಂಬತ್ತು ದಿನದ ಜವಾಬ್ದಾರಿ ನನ್ನದು, ಕೋಚಿನದಲ್ಲ. ಹಾಗಂತಲೇ ಬರ್ಕೊಳ್ಳಿ."

ಪ್ರೊಫೆಸರರು ಪೆನ್ನಿನ ಮುಚ್ಚಳ ಹಾಕಿದರು. "ಅಷ್ಟೆಲ್ಲ ಬರೀಬೇಕಾಗಿಲ್ಲ, ನೀವು ಹಿರಿಯರು" ಎಂದರು. "ಬರೀಬೇಕು" ಎಂದರು ಇವರು, ಮತ್ತು ಬರೆಯುವವರೆಗೂ ನಿಂತೇ ಇದ್ದರು.

ಕೋಚು ಕೆಲಸ ಕಳೆದುಕೊಂಡ. ಗೆಳೆಯ ಪರೀಕ್ಷೆಗೆ ಕೂತು ಪಾಸಾದ, ಆದರೂ ಒಂದೇ ಕಿವಿಯವನಿಗೆ ಕೆಲಸ ಸಿಗದೆ ಮಗ್ಗಕ್ಕೇ ಮರಳಿದ. ಪ್ರಿನ್ಸಿಪಾಲರ ಹುದ್ದೆ ಹೋಗಿ, ದೂರದ ಕಾಲೇಜೊಂದಕ್ಕೆ ಬರೀ ಅಧ್ಯಾಪಕರಾಗಿ ಹೋದರು. ಊರಿನವರು ಅವರನ್ನು ಸತ್ಯಹರಿಶ್ಚಂದ್ರ ಮಾಡಿದರು. ನಾನು ಮಾಡಲಿಲ್ಲ. ಆ ಕಾಗದ ಡ್ರಾಯರಿನಿಂದ ಜೇಬಿಗೆ ಬಂದದ್ದು ಯಾವಾಗ? ತೋರಿಸಲೆಂದು ಇಟ್ಟುಕೊಂಡಿದ್ದರೋ, ದಾರಿಯಲ್ಲಿ ಹರಿದು ಹಾಕಲೆಂದೋ? ನನ್ನ ಸುಳ್ಳು ಕಿವಿಗೆ ಬೀಳದಿದ್ದರೆ ಏನು ಮಾಡುತ್ತಿದ್ದರು? ಹೆದರಿ ಹೇಳಿದ ಸತ್ಯಕ್ಕೆ ನಾನೇಕೆ ಕೈಮುಗಿಯಬೇಕು ಎಂದು ಗೆಳೆಯನ ಹತ್ತಿರ ವಾದಿಸುತ್ತಿದ್ದೆ. ಅವನು ಬಲಗಿವಿಯನ್ನು ನನ್ನ ಕಡೆ ತಿರುಗಿಸಿ ಕೇಳಿಸಿಕೊಳ್ಳುತ್ತಿದ್ದ. ಅವನಿಗೆ ಅವರ ಮೇಲೆ ಅನುಮಾನವಿರಲಿಲ್ಲ, ಸಿಟ್ಟಿತ್ತು. ಅದೂ ನ್ಯಾಯವೇ.

ಹತ್ತು ಹನ್ನೆರಡು ವರ್ಷ ಕಳೆದು ನಾನು ಹೈಸ್ಕೂಲಿನ ಹೆಡ್‌ಮಾಸ್ಟರಾದೆ. ಅವರು ರಿಟೈರಾಗಿ ನೆಲಮಂಗಲದ ಹತ್ತಿರ ಅರಿಶಿನಕುಂಟೆಯಲ್ಲಿದ್ದಾರೆಂದು ತಿಳಿದು, ಒಂದು ಭಾನುವಾರ ಬಸ್ಸು ಹತ್ತಿದೆ. ನೋಡುವ ನೆಪ, ಕೇಳುವ ಚಟ. ಸಹಿ ಹಾಕುವ ಕೆಲಸವಿಲ್ಲದೆ ಬೆರಳು ಬೆಳ್ಳಗಾಗಿತ್ತು. ಮೂಗಿನ ಮೇಲೆ ಚುಕ್ಕೆ ಇಲ್ಲದೆ ಅವರನ್ನು ಗುರುತಿಸುವುದೇ ಕಷ್ಟವಾಯಿತು. ಮಜ್ಜಿಗೆ ಕೊಟ್ಟರು. ಕುಡಿದು, ಕೇಳಿಯೇಬಿಟ್ಟೆ.

"ಸಾರ್, ಇನ್ನೊಂದು ಪ್ರತಿ ಇದೆ ಅಂತ ನಾನು ಸುಳ್ಳು ಹೇಳಿದ್ದೆ. ಅದಕ್ಕೆ ಹೆದರಿ ತೋರ್ಸಿದ್ರಾ?"

ಅವರು ನಕ್ಕರು. "ನಾನು ಸಹಿ ಹಾಕಿದ್ದು ಒಂದೇ ಹಾಳೆಗೆ ಕಣಪ್ಪಾ. ಎರಡನೇದು ಎಲ್ಲಿಂದ ಬರುತ್ತೆ? ಸುಳ್ಳು ಅಂತ ಗೊತ್ತಾಗಿತ್ತು."

"ಮತ್ತೆ?"

"ಅದಕ್ಕೆ ಮುಂಚೆ ಒಂದು ತಪ್ಪು ಮಾಡಿದ್ದೆ. ಬುದ್ಧಿ ಹೇಳೋಣ ಅಂತ ಕೋಚನ್ನ ಕರೆಸಿ ನಿಮ್ಮ ಹೆಸರೆಲ್ಲ ಓದಿ ಹೇಳ್ದೆ. ಶೀಲ್ಡಿನ ಆಸೆ, ಪಂದ್ಯ ಮುಗಿಯೋವರೆಗೆ ಹಾವೂ ಸಾಯಬಾರದು, ಕೋಲೂ ಮುರೀಬಾರದು ಅಂತ. ಕಾಗದ ಜೇಬಲ್ಲಿಟ್ಕೊಂಡಿದ್ದು ಹರಿಯೋದಕ್ಕೇ. ಒಲೆ ಮುಂದೆ ಎರಡು ಸಲ ನಿಂತೂ ಇದ್ದೆ." ನನ್ನ ಲೋಟಕ್ಕೆ ಮತ್ತೆ ಮಜ್ಜಿಗೆ ಬಗ್ಗಿಸುತ್ತ ಹೇಳಿದರು. "ಆಮೇಲೆ ಗುಮಾಸ್ತರು ಬಂದು ನಿನ್ನ ಮಾತು ಹೇಳಿದ್ರು. ನನ್ನ ಕೈಯ ಮಜ್ಜಿಗೆ ಕುಡಿದ ಹುಡುಗ, ನಾನು ಕಾಗದ ಸುಡ್ತೀನಿ ಅಂತ ಮೊದಲೇ ಗೊತ್ತು ಮಾಡ್ಕೊಂಡಿದಾನಲ್ಲ ಅನ್ನಿಸ್ತು. ಸುಡೋಕೆ ನಾಚಿಕೆಯಾಯ್ತು. ಅಷ್ಟೇ."

ಹೊರಡುವಾಗ ಅವರು ಬಸ್ಸಿನವರೆಗೂ ಬಂದರು. "ಈಗ ನೀನೂ ಸಹಿ ಹಾಕ್ತೀಯ. ನಿನ್ನ ಸ್ಕೂಲಲ್ಲಿ ನಿನ್ನ ಮೇಲೆ ಅನುಮಾನ ಪಡೋ ಹುಡುಗ ಒಬ್ಬನಾದ್ರೂ ಇದಾನಾ, ನೋಡ್ಕೊ" ಎಂದರು. ಅಂದಿನಿಂದ ಯಾವ ಮನವಿ ಬಂದರೂ ನಾನು ಮೊದಲು ಕುರ್ಚಿಯಿಂದ ಏಳುತ್ತೇನೆ. ಹೋಗಿ ಕಣ್ಣಾರೆ ಕಂಡು ಬಂದ ಮೇಲೆಯೇ ಪೆನ್ನು ತೆಗೆಯುತ್ತೇನೆ. ಅವರಿಂದ ಕಲಿತದ್ದು ಇದೊಂದೇ, ಆದರೆ ಇದರಲ್ಲೇ ನನ್ನ ಕೆಲಸ ನಡೆಯುತ್ತಿದೆ. ಹಾಗೆಂದು ಅವರ ಉತ್ತರವನ್ನು ಪೂರ್ತಿ ನಂಬಿದೆನೇ? ಅರಿಶಿನಕುಂಟೆಯಿಂದ ಬಸ್ಸು ಹೊರಟ ಕೂಡಲೇ, ಇಷ್ಟು ಚೆನ್ನಾಗಿ ಹೇಳಿದರಲ್ಲ, ಎಷ್ಟು ದಿನದಿಂದ ಜೋಡಿಸಿಟ್ಟಿದ್ದರೋ ಎಂದುಕೊಂಡೆ.

ಮುಂದಿನ ಬೇಸಿಗೆಯಲ್ಲಿ ಅವರು ಹೋದರು. ಸುದ್ದಿ ಹೇಳಲು ಗೆಳೆಯನ ಮನೆಗೆ ಹೋದಾಗ ಅವನು ಮಗ್ಗ ನಿಲ್ಲಿಸಿ, ಅಂಗಿ ಹಾಕಿಕೊಂಡು, "ನಡಿ" ಎಂದ. ಅವನು ಬರುತ್ತಾನೆಂದು ನಾನು ಅಂದುಕೊಂಡಿರಲಿಲ್ಲ. ಅಲ್ಲಿ ಅವರ ಕಾಲಿನ ಹತ್ತಿರ ನಿಂತು ಒಮ್ಮೆ ನೋಡಿ ಬಂದ. ವಾಪಸು ಬರುವಾಗ ಬಸ್ಸಿನಲ್ಲಿ ನಾನು ಎಂದಿನಂತೆ ಅವನ ಬಲಗಡೆ ಕೂತೆ. ಒಲೆಯ ಮುಂದೆ ನಿಂತಿದ್ದರಂತೆ ಎಂಬುದನ್ನೂ ಹೇಳಿದೆ, ಜೋಡಿಸಿಟ್ಟ ಮಾತಿರಬಹುದು ಎಂಬುದನ್ನೂ ಹೇಳಿದೆ.

ಅವನು ಟಿಕೆಟು ಮಡಿಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಆಮೇಲೆ ಅಂದ.

"ಹತ್ತೊಂಬತ್ತು ದಿನ ಅಂದ್ರಲ್ಲ ಕಣೋ ಅವತ್ತು. ಕಿವಿ ಹೋಗಿದ್ದು ನಂದು. ನಾನೇ ಎಣಿಸಿರಲಿಲ್ಲ."